ಒಂಬತ್ತರ ಮಗ್ಗಿ

(ಗೂಡಲೂರು ಕಡೆಯ ತೋಟದ ಕುಟುಂಬಗಳ ಭಾನುವಾರದ ಕೂಟದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣ. ಕೇಳಿದವರ ಅಪೇಕ್ಷೆಯಂತೆ ಇಲ್ಲಿ ಅಚ್ಚು ಮಾಡಿದ್ದೇವೆ.)



ವಾರವಿಡೀ ಇಳಿಜಾರಿನಲ್ಲಿ ನಿಂತು ಎಲೆ ಕಿತ್ತ ಕಾಲುಗಳಿಗೆ ಇವತ್ತು ಒಂದು ದಿನದ ವಿಶ್ರಾಂತಿ. ಆ ವಿಶ್ರಾಂತಿಯಲ್ಲಿ ಒಂದು ಗಂಟೆಯನ್ನು ನನಗೆ ಕೊಟ್ಟಿದ್ದೀರಿ. ಅದಕ್ಕಾಗಿ ವಂದನೆಗಳು. ಸಂಬಳ, ಬೋನಸ್ಸು, ಪ್ರಾವಿಡೆಂಟ್ ಫಂಡು, ಲೈನ್ ಮನೆಯ ಸೋರುವ ಮಾಡು, ಇವುಗಳ ವಿಷಯವಾಗಿ ಈ ಕೂಟದಲ್ಲಿ ಬೇಕಾದಷ್ಟು ಸಾರಿ ಮಾತಾಡಿದ್ದೇವೆ. ಇನ್ನೂ ಮಾತಾಡಬೇಕಾಗಿದೆ. ಆದರೆ ಇವತ್ತು ಕಾರ್ಯದರ್ಶಿಯವರು, "ಟೀಚರಮ್ಮ, ಶಾಲೆಯ ವಿಷಯ ಏನಾದರೂ ಹೇಳಿ" ಎಂದರು. ಶಾಲೆಯ ವಿಷಯವನ್ನೇ ಹೇಳುತ್ತೇನೆ. ಇದುವರೆಗೆ ಇಲ್ಲಿ ಯಾರೂ ಎತ್ತದ ವಿಷಯವದು. ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡು ಆರಂಭಿಸುತ್ತೇನೆ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಒಂದು ತೋಟದ ಶಾಲೆಯಲ್ಲಿ ಏಳನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದು, ಎರಡು, ಮೂರು ಎಂದು ಎಣಿಸುತ್ತಾ ಬಂದೆ. ಒಂಬತ್ತನೆಯ ಜಾಗದಲ್ಲಿ ನಿಂತಿದ್ದದ್ದು ಒಂದು ತೆಳ್ಳಗಿನ ಮಗು. ಹಾಜರಿ ಪುಸ್ತಕದಲ್ಲಿ ಹುಡುಗ ಎಂದು ಬರೆದಿತ್ತು. ನಡಿಗೆ ಮೃದು, ಮಾತು ಮೃದು, ಆಟವೆಲ್ಲ ಹುಡುಗಿಯರ ಜೊತೆಗೇ. ಹಾಡು ಎಂದರೆ ಪ್ರಾಣ. ಒಂಬತ್ತು ಎಂಬ ಅಂಕಿಗೆ ನಮ್ಮ ಕಡೆ ಇನ್ನೊಂದು ಅರ್ಥ ಇರುವುದು ನಿಮಗೆಲ್ಲ ಗೊತ್ತು. ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂದು ಹೀಯಾಳಿಸುವುದಕ್ಕೆ ಆ ಅಂಕಿಯನ್ನು ಬಳಸುತ್ತಾರೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕಿಸಕ್ಕನೆ ನಕ್ಕ. ನಾನು ಅವನನ್ನು ಗದರಿಸಬೇಕಾಗಿತ್ತು. ಗದರಿಸಲಿಲ್ಲ. "ಅಂಕಿ ಸರಿಯಾಗಿಯೇ ಬಂತಲ್ಲ" ಎಂದುಬಿಟ್ಟೆ. ಎಂದು ನಾನೂ ನಕ್ಕೆ. ಇಡೀ ತರಗತಿ ನಕ್ಕಿತು.

ನನ್ನ ಮಟ್ಟಿಗೆ ಅದು ಅಲ್ಲಿಗೇ ಮುಗಿದ ಮಾತು. ಆ ಮಗುವಿಗೆ ಅಲ್ಲಿಂದ ಶುರುವಾಯಿತು. ಮರುದಿನ ಲೈನಿನಿಂದ ಶಾಲೆಗೆ ಬರುವ ಕಾಲುದಾರಿಯಲ್ಲಿ ಹುಡುಗರು ಒಂಬತ್ತರ ಮಗ್ಗಿ ಕೂಗಿದರು. ಒಂಬತ್ತೊಂದ್ಲ ಒಂಬತ್ತು, ಒಂಬತ್ತೆರಡ್ಲ ಹದಿನೆಂಟು. ನಲ್ಲಿಯ ಹತ್ತಿರ ಮಗ್ಗಿ, ಊಟದ ಬಿಡುವಿನಲ್ಲಿ ಮಗ್ಗಿ, ಸಂಜೆ ಲೈನಿನ ಬಾಗಿಲಲ್ಲಿ ಮಗ್ಗಿ. ಮಗ್ಗಿ ಹೇಳಿದ ಮಕ್ಕಳನ್ನು ಹೊಡೆಯಲು ಯಾರಿಗೆ ಬರುತ್ತದೆ? ಪಾಠ ಕಲಿಯುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಆ ಮಗು ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿತು. ನೀರು ಕುಡಿದರೆ ಕಕ್ಕಸಿಗೆ ಹೋಗಬೇಕು, ಅಲ್ಲಿ ಹುಡುಗರು ಕಾದಿರುತ್ತಾರೆ. ಎಂಟನೆಯ ತರಗತಿಯ ನಡುವೆ ಶಾಲೆಯನ್ನೂ ಬಿಟ್ಟಿತು. ಶಾಲೆ ಬಿಟ್ಟ ಕಾರಣ ಎಂಬ ಕಾಲಮಿನಲ್ಲಿ ನಾನು ನನ್ನ ಕೈಯಾರೆ "ಓದಿನಲ್ಲಿ ಆಸಕ್ತಿ ಇಲ್ಲ" ಎಂದು ಬರೆದೆ.

ಕೆಲವು ದಿನಗಳಾದ ಮೇಲೆ ಎಲೆ ತೂಕ ಮಾಡುವಲ್ಲಿ ಆ ಮಗುವಿನ ತಾಯಿ ಎದುರಾದಳು. ಜಗಳವಾಡಲಿಲ್ಲ. "ಟೀಚರಮ್ಮ, ಬೇರೆಯವರು ಅಂದದ್ದನ್ನೆಲ್ಲ ಮಗು ಸಹಿಸಿಕೊಳ್ತಿತ್ತು. ನೀವೂ ಅಂದಿರಂತೆ" ಎಂದಳು. ಅಷ್ಟೇ ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು.

ಆ ಮಗು ಈಗ ದೂರದ ಪಟ್ಟಣದಲ್ಲಿ ಹೆಂಗಸಾಗಿ ಬದುಕುತ್ತಿದ್ದಾಳೆ. ಅವಳು ಎನ್ನುತ್ತೇನೆ, ಏಕೆಂದರೆ ಅವಳು ತನ್ನನ್ನು ತಾನು ಹಾಗೆಯೇ ಹೇಳಿಕೊಳ್ಳುತ್ತಾಳೆ. ತಾಯಿಯನ್ನು ನೋಡಲು ಬರುತ್ತಾಳೆ. ರಾತ್ರಿಯ ಕೊನೆಯ ಬಸ್ಸಿಗೆ ಬಂದು ಬೆಳಗಿನ ಮೊದಲ ಬಸ್ಸಿಗೆ ಹೋಗಿಬಿಡುತ್ತಾಳೆ. ಹಗಲು ಬೆಳಕಿನಲ್ಲಿ ತಾನು ಹುಟ್ಟಿದ ಲೈನಿನಲ್ಲಿ ನಡೆಯುವ ಧೈರ್ಯ ಅವಳಿಗೆ ಇಲ್ಲ. ಆ ಧೈರ್ಯವನ್ನು ಕಿತ್ತುಕೊಂಡವರಲ್ಲಿ ನಾನೂ ಒಬ್ಬಳು.

ಕಳೆದ ವರ್ಷ ನಾನು ಕೊನೆಯ ಬಸ್ಸಿನ ಹೊತ್ತಿಗೆ ನಿಲ್ದಾಣಕ್ಕೆ ಹೋಗಿ ಕಾದು ನಿಂತೆ. ಅವಳು ಇಳಿದಾಗ ಕ್ಷಮೆ ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ನನಗೆ ಹೇಳಿ ಏನು ಮಾಡುವುದು ಟೀಚರಮ್ಮ? ಈಗ ಶಾಲೆಯಲ್ಲಿರುವ ಮಕ್ಕಳಿಗೆ ಹೇಳಿ, ಅವರ ಅಪ್ಪ ಅಮ್ಮನಿಗೆ ಹೇಳಿ" ಎಂದಳು. ಹೆಸರು ಹೇಳಬೇಡಿ, ನಡೆದದ್ದನ್ನು ಹೇಳಿ ಎಂದೂ ಅಂದಳು. ಆ ಮಾತಿನಂತೆ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಇವರು ಯಾರು?

ಮೊದಲು ಸರಳವಾಗಿ ತಿಳಿದುಕೊಳ್ಳೋಣ. ಹುಟ್ಟಿದಾಗ ಗಂಡು ಎಂದು ಬರೆಸಿದ ಕೆಲವು ಮಕ್ಕಳ ಒಳಮನಸ್ಸು ತಾನು ಹೆಣ್ಣು ಎನ್ನುತ್ತದೆ. ಹೆಣ್ಣು ಎಂದು ಬರೆಸಿದ ಕೆಲವರ ಒಳಮನಸ್ಸು ತಾನು ಗಂಡು ಎನ್ನುತ್ತದೆ. ಮೊದಲಿನವರನ್ನು ತಮಿಳುನಾಡಿನಲ್ಲಿ ತಿರುನಂಗೈ ಎಂದು ಗೌರವದಿಂದ ಕರೆಯುತ್ತಾರೆ, ಕರ್ನಾಟಕದಲ್ಲಿ ಮಂಗಳಮುಖಿ ಎನ್ನುತ್ತಾರೆ. ಇನ್ನು ಕೆಲವರು ಗಂಡು ಗಂಡಾಗಿಯೇ, ಹೆಣ್ಣು ಹೆಣ್ಣಾಗಿಯೇ ಇರುತ್ತಾರೆ. ಆದರೆ ಪ್ರಾಯ ಬಂದಾಗ ಅವರ ಮನಸ್ಸು ತಮ್ಮಂಥವರ ಕಡೆಗೇ ಒಲಿಯುತ್ತದೆ. ಇವರೆಲ್ಲರನ್ನೂ ಸೇರಿಸಿ ಪತ್ರಿಕೆಯವರು ಎಲ್‌ಜಿಬಿಟಿ ಎಂದು ಬರೆಯುತ್ತಾರೆ. ಅಕ್ಷರಗಳು ಇಂಗ್ಲಿಷಿನವು, ಮಕ್ಕಳು ನಮ್ಮವೇ.

ಇದು ರೋಗವೇ? ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1990ರ ಮೇ 17ರಂದು ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. 2019ರಲ್ಲಿ ಒಪ್ಪಿದ ಹೊಸ ಪಟ್ಟಿಯಲ್ಲಿ, ಹುಟ್ಟಿನಲ್ಲಿ ಬರೆಸಿದ್ದಕ್ಕೆ ಬೇರೆಯಾಗಿ ತನ್ನನ್ನು ಗಂಡು ಅಥವಾ ಹೆಣ್ಣು ಎಂದು ತಿಳಿಯುವುದನ್ನೂ ಮಾನಸಿಕ ಕಾಯಿಲೆಗಳ ಸಾಲಿನಿಂದ ಹೊರಗಿಟ್ಟಿತು. ಇದನ್ನು "ಗುಣಪಡಿಸುತ್ತೇನೆ" ಎನ್ನುವ ವೈದ್ಯನದು ವೃತ್ತಿಗೆ ತಕ್ಕುದಲ್ಲದ ನಡತೆ ಎಂದು ನಮ್ಮ ದೇಶದ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿತು. ಡಾಕ್ಟರೇ ಮಾಡಬಾರದ್ದನ್ನು ಮಂತ್ರವಾದಿಯ ಬೇವಿನ ಸೊಪ್ಪು ಮಾಡೀತೇ?

ಕನ್ನಡ ನಾಡಿನ ಒಂದು ಹೆಸರನ್ನು ನೀವು ಕೇಳಿರಬಹುದು, ಮಂಜಮ್ಮ ಜೋಗತಿ. ಬಳ್ಳಾರಿ ಸೀಮೆಯ ಮನೆಯೊಂದರಲ್ಲಿ ಗಂಡುಮಗನೆಂದು ಹುಟ್ಟಿದವರು. ಮನೆ ಬಿಟ್ಟು, ಭಿಕ್ಷೆ ಬೇಡಿ, ಸಾಯಲೂ ಹೋಗಿ, ಕೊನೆಗೆ ಜೋಗತಿ ಕಲೆಯಲ್ಲಿ ನೆಲೆ ಕಂಡರು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದರು. ಅವರನ್ನು ಕಂಡು ಹೆಮ್ಮೆಪಡೋಣ. ಆದರೆ ಒಬ್ಬ ಮಂಜಮ್ಮ ಮೇಲೆ ಬಂದರೆ ಎಷ್ಟು ಮಕ್ಕಳು ದಾರಿಯಲ್ಲೇ ಬಿದ್ದುಹೋದರು ಎಂದು ಯಾರು ಲೆಕ್ಕ ಇಟ್ಟಿದ್ದಾರೆ?

ಸ್ವಲ್ಪ ಲೆಕ್ಕ ಇದೆ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬ ಎರಡರ ಜೊತೆಗೆ ಇತರರು ಎಂದೂ ಎಣಿಸಿದರು. ದೇಶದಲ್ಲಿ ಸುಮಾರು 4 ಲಕ್ಷ 88 ಸಾವಿರ ಮಂದಿ ಆ ಲೆಕ್ಕಕ್ಕೆ ಬಂದರು. ಓದು ಬರಹ ಬಲ್ಲವರು ದೇಶದಲ್ಲಿ ನೂರಕ್ಕೆ 73ರ ಹತ್ತಿರ ಇದ್ದಾಗ ಇವರಲ್ಲಿ ನೂರಕ್ಕೆ 56 ಮಾತ್ರ. ಯುನೆಸ್ಕೊ ಸಂಸ್ಥೆಯು ಚೆನ್ನೈಯ ಸಹೋದರನ್ ಎಂಬ ಸಂಸ್ಥೆಯ ಜೊತೆ ಸೇರಿ ನಮ್ಮ ತಮಿಳುನಾಡಿನಲ್ಲೇ ಇಂಥ ಸುಮಾರು 400 ಮಂದಿಯನ್ನು ಅವರ ಶಾಲಾ ದಿನಗಳ ಬಗ್ಗೆ ವಿಚಾರಿಸಿತು. ಅದರ ವರದಿ 2019ರಲ್ಲಿ ಬಂತು. ಮೇಲಿನ ತರಗತಿಗಳಲ್ಲಿ ಏಟು ತಿಂದವರು, ತಳ್ಳಿಸಿಕೊಂಡವರು ನೂರಕ್ಕೆ 60. ಪೀಡೆಗೊಳಗಾದವರಲ್ಲಿ ಶಾಲೆಗೆ ದೂರು ಕೊಟ್ಟವರು ನೂರಕ್ಕೆ 18. ಮೂವರಲ್ಲಿ ಒಬ್ಬರು ಇದೇ ಕಾರಣಕ್ಕೆ ಶಾಲೆ ಬಿಟ್ಟರು. ಇವರೆಲ್ಲರ ರಿಜಿಸ್ಟರಿನಲ್ಲೂ ನನ್ನಂಥ ಯಾರೋ ಒಬ್ಬರು "ಆಸಕ್ತಿ ಇಲ್ಲ" ಎಂದೇ ಬರೆದಿರಬೇಕು.

ನ್ಯಾಯಾಧೀಶರು ಕಲಿತ ಪಾಠ

ಕಾನೂನು ಏನು ಹೇಳುತ್ತದೆ? ಇಂಗ್ಲಿಷರು 1860ರಲ್ಲಿ ತಂದ ದಂಡ ಸಂಹಿತೆಯ 377ನೆಯ ಕಲಮು ಇಂಥವರನ್ನು ಅಪರಾಧಿಗಳೆಂದು ಹೆದರಿಸುತ್ತಾ ಬಂದಿತ್ತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತಾನು ಗಂಡೋ ಹೆಣ್ಣೋ ಮೂರನೆಯ ಲಿಂಗವೋ ಎಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಗೇ ಸೇರಿದ್ದು ಎಂದಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಪರಸ್ಪರ ಒಪ್ಪಿ ಮಾಡುವ ಸಂಬಂಧ ಅಪರಾಧವಲ್ಲ ಎಂದು ಐವರು ನ್ಯಾಯಾಧೀಶರು ಒಮ್ಮತದಿಂದ ತೀರ್ಪು ಕೊಟ್ಟರು. ಈ ಜನರಿಗೂ ಇವರ ಮನೆಯವರಿಗೂ ಚರಿತ್ರೆಯೇ ಕ್ಷಮೆ ಕೇಳಬೇಕಾಗಿದೆ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಆ ದಿನ ಬರೆದರು. ಅದನ್ನು ಓದಿದಾಗ ನನಗೆ ಕೊನೆಯ ಬಸ್ಸು ನೆನಪಾಯಿತು.

ಆದರೆ ನಮ್ಮ ಶಾಲೆಗಳಿಗೆ ಎಲ್ಲಕ್ಕಿಂತ ಹತ್ತಿರದ ತೀರ್ಪು ನಮ್ಮ ಮದರಾಸು ಹೈಕೋರ್ಟಿನದು. ಮಧುರೆಯ ಇಬ್ಬರು ಯುವತಿಯರು ಜೊತೆಯಾಗಿ ಬದುಕಬೇಕೆಂದು ಚೆನ್ನೈಗೆ ಬಂದರು. ಹೆತ್ತವರು ಪೊಲೀಸರಿಗೆ ದೂರು ಕೊಟ್ಟರು. ಯುವತಿಯರು ರಕ್ಷಣೆ ಬೇಡಿ ಕೋರ್ಟಿಗೆ ಹೋದರು. ವಿಚಾರಣೆಗೆ ಕೂತವರು ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್. ಅವರು ಏನು ಮಾಡಿದರು ಗೊತ್ತೇ? ಈ ವಿಷಯ ತನಗೆ ಸರಿಯಾಗಿ ತಿಳಿಯದು, ತನ್ನ ಮನಸ್ಸಿನಲ್ಲೂ ಪೂರ್ವಾಗ್ರಹ ಇದೆ ಎಂದು ಕೋರ್ಟಿನಲ್ಲೇ ಒಪ್ಪಿಕೊಂಡರು. ಮನಃಶಾಸ್ತ್ರ ಬಲ್ಲವರ ಹತ್ತಿರ ವಿದ್ಯಾರ್ಥಿಯಂತೆ ಕೂತು ಕೇಳಿ ತಿಳಿದರು. ಆಮೇಲೆ 2021ರ ಜೂನ್ 7ರಂದು ಆದೇಶ ಕೊಟ್ಟರು. ಹೈಕೋರ್ಟಿನ ನ್ಯಾಯಾಧೀಶರಿಗೆ ನನಗೆ ತಿಳಿಯದು, ಕಲಿಸಿಕೊಡಿ ಎನ್ನಲು ನಾಚಿಕೆಯಾಗಲಿಲ್ಲ. ನಮಗೇಕೆ ಆಗಬೇಕು?

ಆ ಆದೇಶದಲ್ಲಿ ಪೊಲೀಸರಿಗೆ, ವೈದ್ಯರಿಗೆ ಹೇಳಿದಂತೆ ಶಾಲೆಗಳಿಗೂ ಹೇಳಿದ್ದಾರೆ. ಪಾಠಕ್ರಮದಲ್ಲಿ ಈ ತಿಳಿವಳಿಕೆ ಬರಬೇಕು. ಯಾವ ಮಗುವೂ ಅಂಜದೆ ಹೋಗಬಹುದಾದ ಶೌಚಾಲಯ ಬೇಕು. ಹೆಸರು ಬದಲಾಯಿಸಿಕೊಂಡವರಿಗೆ ಶಾಲೆಯ ದಾಖಲೆಯಲ್ಲೂ ಬದಲಾಯಿಸಿಕೊಡಬೇಕು. ನೊಂದ ಮಗುವಿನ ಮಾತು ಕೇಳಲು ಸಲಹೆಗಾರರು ಬೇಕು. ಇನ್ನೊಂದು ಮುಖ್ಯ ಮಾತಿದೆ. ಪೋಷಕರು ಮತ್ತು ಶಿಕ್ಷಕರ ಸಂಘದ ಮೂಲಕ ತಂದೆ ತಾಯಿಯರಿಗೂ ತಿಳಿಸಿ ಹೇಳಬೇಕು, ಮನೆಯೂ ಮಗುವಿಗೆ ಆಸರೆಯಾಗಬೇಕು ಎಂದಿದ್ದಾರೆ. ಅಂದರೆ ನಿಮ್ಮ ಕೆಲಸವನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದಾರೆ.

ಆದೇಶ ಬಂದ ಮಾತ್ರಕ್ಕೆ ತರಗತಿಯೊಳಗೆ ಎಲ್ಲವೂ ನಡೆದುಬಿಡುತ್ತದೆಯೇ? ಇಲ್ಲ. ಅದೇ 2021ರಲ್ಲಿ ದಿಲ್ಲಿಯ ಎನ್‌ಸಿಇಆರ್‌ಟಿ ಸಂಸ್ಥೆಯು ಇಂಥ ಮಕ್ಕಳನ್ನು ಶಾಲೆಯಲ್ಲಿ ಹೇಗೆ ಸೇರಿಸಿಕೊಳ್ಳಬೇಕು ಎಂದು ಶಿಕ್ಷಕರಿಗಾಗಿ ಒಂದು ಕೈಪಿಡಿ ತಯಾರಿಸಿತು. ಆಕ್ಷೇಪಗಳು ಬಂದವು. ನವೆಂಬರಿನಲ್ಲಿ, ಕೆಲವೇ ದಿನಗಳೊಳಗೆ ಅದನ್ನು ಹಿಂತೆಗೆದುಕೊಂಡಿತು. ಮೇಲಿನವರು ಪುಸ್ತಕ ಕೊಟ್ಟರೂ ಕೆಳಗೆ ಜನರ ಬೆಂಬಲ ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ. ಗದ್ದಲ ಮಾಡುವವರು ಕಾಗದ ಬರೆಯುತ್ತಾರೆ. ಬೇಕು ಎನ್ನುವ ತಂದೆ ತಾಯಿ ಸುಮ್ಮನಿರುತ್ತಾರೆ.

ಸುಮ್ಮನಿದ್ದರೆ ಏನಾಗುತ್ತದೆ?

ಸುಮ್ಮನಿರುವುದರ ಫಲ ಏನೆಂದು ತಿಳಿಯಲು ನಮ್ಮ ಎಲೆಪುಡಿಯನ್ನು ಕೊಂಡು ಕುಡಿಯುವ ಇಂಗ್ಲೆಂಡನ್ನು ನೋಡೋಣ. ಅಲ್ಲಿ 1988ರಲ್ಲಿ 28ನೆಯ ಕಲಮು ಎಂದು ಹೆಸರಾದ ಒಂದು ಕಾನೂನು ಬಂತು. ಸ್ಥಳೀಯ ಆಡಳಿತಗಳು ಸಲಿಂಗ ಪ್ರೇಮಕ್ಕೆ ಪ್ರೋತ್ಸಾಹ ಕೊಡಬಾರದು, ಅದು ಒಪ್ಪತಕ್ಕದ್ದು ಎಂದು ಶಾಲೆಗಳಲ್ಲಿ ಕಲಿಸಬಾರದು ಎಂದು ಅದರ ಸಾರಾಂಶ. ಆ ಕಾನೂನಿನಡಿ ಯಾವ ಶಿಕ್ಷಕರಿಗೂ ಶಿಕ್ಷೆಯಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ಹೆದರಿಕೆಯೇ ಸಾಕಾಯಿತು. ಹುಡುಗನೊಬ್ಬನನ್ನು ಸಹಪಾಠಿಗಳು ಹೀಯಾಳಿಸಿದರೆ ನಡುವೆ ಬಾಯಿ ಹಾಕಬಹುದೋ ಬಾರದೋ ಎಂದು ಶಿಕ್ಷಕರು ಅಂಜಿದರು. ಸ್ಕಾಟ್ಲೆಂಡಿನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2003ರಲ್ಲಿ ಆ ಕಾನೂನನ್ನು ರದ್ದು ಮಾಡಿದರು. ಅದನ್ನು ತಂದ ಪಕ್ಷದ ನಾಯಕರೇ 2009ರಲ್ಲಿ ಅದಕ್ಕಾಗಿ ಕ್ಷಮೆ ಕೇಳಿದರು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಆ ಮೌನದಲ್ಲೇ ಬೆಳೆದು ದೊಡ್ಡವರಾಗಿದ್ದರು.

ಆಮೇಲೂ ಎಲ್ಲ ಸುಸೂತ್ರವಾಗಲಿಲ್ಲ. 2019ರಲ್ಲಿ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ, ಬೇರೆ ಬೇರೆ ಬಗೆಯ ಕುಟುಂಬಗಳಿವೆ ಎಂದು ಚಿಕ್ಕ ಮಕ್ಕಳಿಗೆ ಹೇಳಿದ್ದಕ್ಕೆ ಕೆಲವು ಪೋಷಕರು ಶಾಲೆಯ ಗೇಟಿನ ಮುಂದೆ ವಾರಗಟ್ಟಲೆ ಘೋಷಣೆ ಕೂಗಿದರು. ಕೊನೆಗೆ ಒಂದು ಶಾಲೆಯ ಗೇಟಿನ ಬಳಿ ಹೀಗೆ ಕೂಗಬಾರದೆಂದು ಹೈಕೋರ್ಟು ತಡೆ ಕೊಟ್ಟಿತು. ಗೇಟಿನ ಹೊರಗೆ ಪೋಷಕರು, ಒಳಗೆ ಶಿಕ್ಷಕರು, ನಡುವೆ ಅಳುವ ಮಕ್ಕಳು. ನಮಗೆ ಆ ಗತಿ ಬೇಡ. ಗೇಟಿನ ಹೊರಗೆ ಕೂಗುವ ಬದಲು ಒಳಗೆ ಬೆಂಚಿನ ಮೇಲೆ ಕೂತು ಮಾತಾಡೋಣ.

ಪಾಠದಿಂದ ಮನಸ್ಸು ಬದಲಾಗುತ್ತದೆಯೇ ಎಂದು ನೀವು ಕೇಳಬಹುದು. ನೇರವಾಗಿ ಇದೇ ವಿಷಯದ್ದಲ್ಲ, ಆದರೆ ಅದರ ಪಕ್ಕದ ಒಂದು ಉದಾಹರಣೆ ಹರಿಯಾಣದಲ್ಲಿ ಇದೆ. ಅಲ್ಲಿನ 314 ಸರ್ಕಾರಿ ಶಾಲೆಗಳಲ್ಲಿ ಅರ್ಧದಷ್ಟನ್ನು ಆರಿಸಿ, ಏಳು, ಎಂಟನೆಯ ತರಗತಿಯ ಮಕ್ಕಳ ಜೊತೆ ಗಂಡು ಹೆಣ್ಣು ಸಮಾನರೇ ಎಂಬುದನ್ನು ಎರಡೂವರೆ ವರ್ಷ ಚರ್ಚಿಸಿದರು. ಮೂರು ವಾರಕ್ಕೊಂದು ಪಾಠ, ಮುಕ್ಕಾಲು ಗಂಟೆ. ಆಮೇಲೆ ಪಾಠ ಕೇಳಿದ ಮಕ್ಕಳನ್ನೂ ಕೇಳದ ಮಕ್ಕಳನ್ನೂ ಹೋಲಿಸಿ ನೋಡಿದರು. ಕೇಳಿದವರ ಅಭಿಪ್ರಾಯ ಬದಲಾಗಿತ್ತು. ಹುಡುಗರು ಮನೆಗೆಲಸಕ್ಕೆ ಹೆಚ್ಚು ಕೈಹಾಕಿದ್ದರು. ಮುಕ್ಕಾಲು ಗಂಟೆ ಎಂದರೆ ನಮ್ಮಲ್ಲಿ ಒಂದು ಪೀರಿಯಡ್ಡು. ಎಳೆಯ ಮನಸ್ಸಿಗೆ ತಿರಸ್ಕಾರವನ್ನು ಕಲಿಸಬಹುದಾದರೆ ಗೌರವವನ್ನೂ ಕಲಿಸಬಹುದು. ತಿರಸ್ಕಾರ ಕಲಿಸುವುದಕ್ಕೆ ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ನಿಮ್ಮ ಮನಸ್ಸಿನ ಪ್ರಶ್ನೆಗಳು

"ಇದನ್ನೆಲ್ಲ ಕಲಿಸಿದರೆ ನಮ್ಮ ಮಕ್ಕಳೂ ಹಾಗೆಯೇ ಆಗಿಬಿಡುವುದಿಲ್ಲವೇ?" ಆಗುವುದಿಲ್ಲ. ಪಾಠ ಕೇಳಿ ಹಾಗಾಗುವುದಾದರೆ, ಇಷ್ಟು ವರ್ಷ ಬೈಗುಳ ಕೇಳಿ ಒಬ್ಬರಾದರೂ ಬದಲಾಗಬೇಕಾಗಿತ್ತು. ನಾವು ಹೊಡೆದೆವು, ನಕ್ಕೆವು, ಮನೆಯಿಂದ ಹೊರಹಾಕಿದೆವು. ಅವರು ಬದಲಾಗಲಿಲ್ಲ. ಕೆಲವರು ಸತ್ತರು, ಕೆಲವರು ಊರು ಬಿಟ್ಟರು.

"ಚಿಕ್ಕ ಮಕ್ಕಳಿಗೆ ಇಂಥ ಮಾತೇಕೆ?" ಚಿಕ್ಕ ತರಗತಿಯಲ್ಲಿ ಹೇಳಬೇಕಾದದ್ದು ಎರಡೇ ಮಾತು. ಯಾರ ನಡಿಗೆಯನ್ನೂ, ದನಿಯನ್ನೂ, ಮೈಬಣ್ಣವನ್ನೂ ಅಣಕಿಸಬಾರದು. ಯಾರಾದರೂ ಅಣಕಿಸಿದರೆ ಟೀಚರಿಗೆ ಬಂದು ಹೇಳಬೇಕು. ಪ್ರಾಯಕ್ಕೆ ಬರುವ ಮಕ್ಕಳಿಗೆ ಶರೀರದ ಬದಲಾವಣೆಗಳ ಪಾಠದ ಜೊತೆಗೇ ಉಳಿದದ್ದನ್ನು ಮರ್ಯಾದೆಯ ಮಾತಿನಲ್ಲಿ ತಿಳಿಸಬಹುದು. ಶಾಲೆ ತಿಳಿಸದಿದ್ದರೆ ಮೊಬೈಲ್ ಫೋನು ತಿಳಿಸುತ್ತದೆ. ಅದು ಹೇಗೆ ತಿಳಿಸುತ್ತದೆ ಎಂಬುದು ನಿಮಗೆ ಗೊತ್ತು.

"ದೇವರ ವಾಕ್ಯ ಏನನ್ನುತ್ತದೆ?" ಈ ವಿಷಯದಲ್ಲಿ ಸಭೆಗಳ ನಡುವೆ ಒಮ್ಮತ ಇಲ್ಲ. ಈ ಕೋಣೆಯಲ್ಲೂ ಇಲ್ಲ. ಮದುವೆ, ಸಂಬಂಧಗಳ ಬಗ್ಗೆ ನಿಮ್ಮ ನಿಮ್ಮ ಅಭಿಪ್ರಾಯ ನಿಮಗಿರಲಿ, ಅದನ್ನು ಇವತ್ತು ತೀರ್ಮಾನಿಸಲು ನಾನು ಬಂದಿಲ್ಲ. ಒಂದನ್ನು ಮಾತ್ರ ನೆನಪಿಸುತ್ತೇನೆ. ಅಪೊಸ್ತಲರ ಕೃತ್ಯಗಳಲ್ಲಿ ಐಥಿಯೋಪ್ಯದ ಕಂಚುಕಿಯ ಕಥೆ ಇದೆಯಷ್ಟೆ? ಆ ಕಾಲದವರು ಗಂಡಸರ ಲೆಕ್ಕಕ್ಕೆ ಸೇರಿಸದೆ ಇದ್ದ ಮನುಷ್ಯ ಅವನು. ಫಿಲಿಪ್ಪನು ಅವನನ್ನು ನೋಡಿ ನಗಲಿಲ್ಲ, ರಥ ಹತ್ತಿ ಪಕ್ಕದಲ್ಲಿ ಕೂತನು. ಅವನು ಕೇಳಿದ್ದನ್ನು ವಿವರಿಸಿದನು. ನೀರು ಕಂಡ ಕಡೆ ಇಳಿದು ದೀಕ್ಷಾಸ್ನಾನ ಮಾಡಿಸಿದನು. ಒಂದು ಮಗುವನ್ನು ಅಣಕಿಸಿ ಶಾಲೆಯಿಂದ ಓಡಿಸಿರಿ ಎಂದು ಯಾವ ಪುಸ್ತಕದ ಯಾವ ಅಧ್ಯಾಯದಲ್ಲೂ ನಾನು ಓದಿಲ್ಲ.

"ನಮ್ಮ ಶಾಲೆಯಲ್ಲಿ ಅಂಥ ಮಗು ಯಾವುದೂ ಇಲ್ಲ" ಎನ್ನುವವರೂ ಇದ್ದೀರಿ. ಇದೆ. ತನ್ನನ್ನು ಹೇಳಿಕೊಳ್ಳಲು ಹೆದರಿ ಕೂತಿದೆ. ಒಂದು ವೇಳೆ ಇಲ್ಲದಿದ್ದರೂ, ನಾಳೆ ನಿಮ್ಮ ಮಗ ಬೇರೆ ಊರಿನಲ್ಲಿ ಕೆಲಸಕ್ಕೆ ಹೋದಾಗ ಅಂಥವರ ಪಕ್ಕದಲ್ಲಿ ಕೂತು ದುಡಿಯಬೇಕಾಗುತ್ತದೆ. ಕೊಚ್ಚಿಯ ಮೆಟ್ರೋ ರೈಲು 2017ರಲ್ಲಿ ಶುರುವಾದಾಗಲೇ 23 ಮಂದಿ ಟ್ರಾನ್ಸ್‌ಜೆಂಡರ್ ನೌಕರರನ್ನು ತೆಗೆದುಕೊಂಡಿತು.

ಹೆಸರಿಟ್ಟು ಕರೆಯುವುದರ ನೋವನ್ನು ನಾನು ನಿಮಗೆ ವಿವರಿಸಬೇಕೇ? "ಲೈನ್ ಮಕ್ಕಳು" ಎಂದು ನಮ್ಮ ಮಕ್ಕಳನ್ನು ಹಿಂದಿನ ಬೆಂಚಿಗೆ ತಳ್ಳಿದ್ದನ್ನು ಕಂಡವರು ನೀವು. 1964ರ ಒಪ್ಪಂದವಾದ ಮೇಲೆ ಈ ಬೆಟ್ಟಗಳಿಗೆ ಬಂದ ಕುಟುಂಬಗಳ ಮಕ್ಕಳನ್ನು ಹೆಸರು ಹಿಡಿದು ಕರೆಯದೆ "ಸಿಲೋನು" ಎಂದೇ ಕೂಗಿದರು. ಅದು ತಪ್ಪು ಎಂದು ನಾವು ಸಂಘ ಕಟ್ಟಿ ಹೇಳಿದೆವು. ನಮ್ಮ ಮೇಲೆ ಬಿದ್ದಾಗ ತಪ್ಪಾದದ್ದು ನಮ್ಮ ಕೈಯಿಂದ ಬಿದ್ದಾಗ ಸರಿಯಾಗುತ್ತದೆಯೇ?

ನಾವು ಮಾಡಬಹುದಾದದ್ದು

ದೊಡ್ಡ ಮಾತು ಸಾಕು. ಮಾಡಬಹುದಾದ ನಾಲ್ಕು ಕೆಲಸ ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಮನೆಯ ಮಾತು. ಮಕ್ಕಳು ಶಾಲೆಗೆ ಬೈಗುಳವನ್ನು ಬುತ್ತಿಯಂತೆ ಮನೆಯಿಂದಲೇ ಕಟ್ಟಿಕೊಂಡು ಬರುತ್ತವೆ. ಇವತ್ತಿನಿಂದ ಒಂಬತ್ತು ಎಂಬುದು ಎಂಟಾದ ಮೇಲೆ ಬರುವ ಅಂಕಿ ಮಾತ್ರ.

ಎರಡನೆಯದು, ಶಾಲಾ ಆಡಳಿತ ಸಮಿತಿ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಸಹಿ ಹಾಕಿ ಚಹಾ ಕುಡಿದು ಬರುವುದಕ್ಕೆ ನಿಮ್ಮನ್ನು ಕರೆಯುವುದಲ್ಲ. ಮಕ್ಕಳಿಗೆ ಮೈಮೇಲಿನ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಅದೇ ಕಾಯಿದೆ ನಿಷೇಧಿಸಿದೆ. ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಅಡ್ಡಹೆಸರಿಟ್ಟು ಪೀಡಿಸುವುದರ ವಿರುದ್ಧ ಶಾಲೆಯಲ್ಲಿ ನಿಯಮ ಏನು? ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಶೌಚಾಲಯ ಇದೆಯೇ? ಈ ವಿಷಯದಲ್ಲಿ ಶಿಕ್ಷಕರಿಗೆ ತರಬೇತಿ ಯಾವಾಗ?

ಮೂರನೆಯದು, ಕಲಿಸುವ ಶಿಕ್ಷಕರ ಬೆನ್ನಿಗೆ ನಿಲ್ಲುವುದು. ಯಾರಾದರೂ ಟೀಚರು ಧೈರ್ಯಮಾಡಿ ತರಗತಿಯಲ್ಲಿ ಈ ಪಾಠ ಹೇಳಿದರೆ ಮರುದಿನ ಒಂದಿಬ್ಬರು ಜಗಳಕ್ಕೆ ಬಂದೇ ಬರುತ್ತಾರೆ. ಆ ದಿನ ನಿಮ್ಮಲ್ಲಿ ನಾಲ್ಕು ಜನ ಹೋಗಿ, "ನಮಗೆ ಈ ಪಾಠ ಬೇಕು" ಎಂದು ಹೇಳಿದರೆ ಆ ಟೀಚರು ನಿಲ್ಲುತ್ತಾರೆ. ಒಬ್ಬ ಕೆಲಸಗಾರನನ್ನು ಅನ್ಯಾಯವಾಗಿ ತೆಗೆದರೆ ಇಡೀ ಡಿವಿಜನ್ ಕೆಲಸ ನಿಲ್ಲಿಸುತ್ತದಲ್ಲ, ಅದೇ ಒಗ್ಗಟ್ಟು ಇಲ್ಲಿಗೂ ಬೇಕು.

ನಾಲ್ಕನೆಯದು, ನಿಮ್ಮದೇ ಮಗು. ಒಂದು ದಿನ ನಿಮ್ಮ ಮಗು ನಡುಗುತ್ತಾ ಬಂದು ತನ್ನ ಮನಸ್ಸನ್ನು ಹೇಳಿಕೊಂಡರೆ ಹೊಡೆಯಬೇಡಿ. ಬಲವಂತದ ಮದುವೆ ಮಾಡಬೇಡಿ. ಅರ್ಥವಾಗದಿದ್ದರೆ, "ನನಗೆ ಅರ್ಥವಾಗಲಿಲ್ಲ ಕಂದ, ಆದರೂ ಊಟ ಮಾಡು ಬಾ" ಎನ್ನಿ. ಅಷ್ಟು ಸಾಕು, ಆ ರಾತ್ರಿ ಮಗು ಮನೆ ಬಿಟ್ಟು ಹೋಗುವುದಿಲ್ಲ. ಮಗುವಿಗೆ ಹಿಂಸೆಯಾಗುತ್ತಿದ್ದರೆ 1098ಕ್ಕೆ ಫೋನು ಮಾಡಬಹುದು, ದುಡ್ಡು ಬೇಕಾಗಿಲ್ಲ. ಓದು ಅರ್ಧಕ್ಕೆ ನಿಂತವರಿಗೂ ದಾರಿ ಇದೆ. ಬೆಟ್ಟದ ಆಚೆ ಕೇರಳದಲ್ಲಿ ಸಾಕ್ಷರತಾ ಮಿಷನ್ನಿನವರು ಸಮನ್ವಯ ಎಂಬ ಯೋಜನೆ ಮಾಡಿ, ಶಾಲೆ ಬಿಟ್ಟ ಟ್ರಾನ್ಸ್‌ಜೆಂಡರ್ ಜನರನ್ನು ಮತ್ತೆ ಪರೀಕ್ಷೆಗೆ ಕೂರಿಸಿದರು. ಹತ್ತನೆಯ ತರಗತಿ ದಾಟಿದವರೂ ಅವರಲ್ಲಿ ಇದ್ದಾರೆ.

ನನ್ನ ಮಾತು ಮುಗಿಯಿತು. ನಾನು ಬರೆದ ಆ ರಿಜಿಸ್ಟರು ಯಾವುದೋ ಬೀರುವಿನಲ್ಲಿ ಧೂಳು ಹಿಡಿದಿರಬಹುದು. ಅದರಲ್ಲಿ ಬರೆದ ಸುಳ್ಳನ್ನು ಈಗ ಅಳಿಸಲಾರೆ. ಅದಕ್ಕೇ ನಿಜವನ್ನು ನಿಮ್ಮ ಮುಂದೆ ಹೇಳಿದ್ದೇನೆ. ಆ ತಾಯಿಗೆ ಈಗ ವಯಸ್ಸಾಯಿತು, ಕಣ್ಣು ಮಂಜಾಗುತ್ತಿದೆ. ರಾತ್ರಿ ಬರುವ ಮಗಳ ಮುಖ ದೀಪದ ಬೆಳಕಿನಲ್ಲಿ ಅವಳಿಗೆ ಸರಿಯಾಗಿ ಕಾಣುವುದಿಲ್ಲ.

ಮುಂದಿನ ಕ್ರಿಸ್‌ಮಸ್ಸಿಗೆ ಅವಳು ಮಧ್ಯಾಹ್ನದ ಬಸ್ಸಿನಲ್ಲಿ ಇಳಿಯುವಂತಾಗಲಿ. ಇಳಿದು, ಲೈನಿನ ಕಾಲುದಾರಿಯಲ್ಲಿ, ನಮ್ಮ ಮಕ್ಕಳ ನಡುವೆ ತಲೆಯೆತ್ತಿ ನಡೆದು ಮನೆ ಸೇರುವಂತಾಗಲಿ. ಅದಕ್ಕೆ ಬೇಕಾದ ಮನಸ್ಸನ್ನು ದೇವರು ನಮಗೆ ಕೊಡಲಿ.